ರೋಲು ಮುಗಿಸಿದ ಚಿತ್ರಗಳು

ಬೀದಿಗೆಲ್ಲ ಫೋಟೋ ಮಾಮ ಎನಿಸಿಕೊಂಡವರು ಮನೆಯಲ್ಲಿ ಮಾತ್ರ ಆಗಾಗ ಮಂಗಳಾರತಿ ಮಾಡಿಸಿಕೊಳ್ಳುತ್ತಿದ್ದರು. "ಊರವರನ್ನೆಲ್ಲ ತೆಗೆದ್ರಿ, ನನ್ನದು ಒಂದಾದ್ರೂ ಇದೆಯಾ?" ಎಂದು ಹೆಂಡತಿ ಕೇಳಿದಾಗ ಕ್ಯಾಮೆರಾ ಒರೆಸುತ್ತ ಕೂರುತ್ತಿದ್ದರು. ಈಗ ಆಕೆಯ ಕಣ್ಣು ಮಂಜಾಗುತ್ತಿತ್ತು. ಇರುವ ದೃಷ್ಟಿ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮಾಮನಿಗೆ ಅನ್ನ ಸೇರಲಿಲ್ಲ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು, ಮಗಳ ಜೊತೆ ಫಿಲ್ಮ್ ಸ್ಕ್ಯಾನರ್ ಕೊಳ್ಳಲು ಹೊರಟರು. ಬೆರಳಗಲದ ನೆಗೆಟಿವ್ ಅದಕ್ಕೆ ಕೊಟ್ಟರೆ ಟಿವಿ ತುಂಬ ನೋಡಬಹುದು.

ಅಂಗಡಿಯವನು ಮೊದಲು ಚುರುಕಿನದನ್ನು ತೋರಿಸಿದ. ಫಿಲ್ಮ್ ಪಟ್ಟಿಯ ತುದಿ ಕೊಟ್ಟರೆ ತಾನೇ ಎಳೆದುಕೊಳ್ಳುತ್ತಿತ್ತು. ಮಗಳಿಗೆ ಅದೇ ಹಿಡಿಸಿತು. ಮಾಮ ಡಬ್ಬಿ ತೆರೆದರು. ಒಳಗೆ ಒಂದೂ ಪಟ್ಟಿ ಇರಲಿಲ್ಲ, ಬರೀ ತುಂಡುಗಳು, ಒಂದೊಂದರಲ್ಲಿ ಒಂದೇ ಚಿತ್ರ. ಯಂತ್ರ ಅವನ್ನು ಮೂಸಿಯೂ ನೋಡಲಿಲ್ಲ.

"ಹೀಗೆ ಚೂರುಚೂರು ಮಾಡಿದ್ದು ಯಾರಪ್ಪಾ?" ಎಂದಳು ಮಗಳು.

"ನಾನೇ ಕಣಮ್ಮ. ಗಿರಾಕಿಗಳ ಕೆಲಸ ಮುಗಿದ ಮೇಲೆ ರೋಲಲ್ಲಿ ಒಂದು ಚಿತ್ರದಷ್ಟು ಜಾಗ ಉಳಿದಿರೋದು. ಅದರಲ್ಲಿ ನಿಮ್ಮಮ್ಮನ್ನ ತೆಗೀತಿದ್ದೆ. ಕೇಳಿದ್ರೆ, ಸುಮ್ಮನೆ ರೋಲು ಮುಗಿಸ್ತಿದ್ದೀನಿ ಅಂತಿದ್ದೆ. ಆಮೇಲೆ ಆ ತುಂಡು ಕತ್ತರಿಸಿ ಇಟ್ಕೋತಿದ್ದೆ."

ಪ್ರಿಂಟ್ ಹಾಕಿ ಒಮ್ಮೆಲೇ ಕೊಡೋಣ ಎಂದು ನಾಳೆ, ನಾಡಿದ್ದು ಎನ್ನುತ್ತಲೇ ಮಾಮನ ಸ್ಟುಡಿಯೋ ಮುಚ್ಚಿತ್ತು. ಮಗಳು ಕೈಯಲ್ಲಿದ್ದ ಚುರುಕಿನ ಯಂತ್ರವನ್ನು ಮೆಲ್ಲಗೆ ಕೆಳಗಿಟ್ಟಳು.

ಎರಡನೆಯದರ ಗಾಜಿನ ಮೇಲೆ ಹತ್ತಾರು ತುಂಡು ಒಟ್ಟಿಗೆ ಹರಡಬಹುದಿತ್ತು. ಆದರೆ ಪರದೆಯಲ್ಲಿ ಹೆಂಡತಿಯ ಹುಬ್ಬು ಮಸಿಗೆರೆಯಾಗಿ ಕಂಡಿತು. "ದೊಡ್ಡ ಫಿಲ್ಮಿಗೆ ಸರಿ, ಇಷ್ಟು ಚಿಕ್ಕದಕ್ಕೆ ಆಗಲ್ಲ," ಎಂದು ಮಾಮ ತಲೆಯಾಡಿಸಿದರು. ಮೂರನೆಯದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ತುಂಡನ್ನು ಪುಟ್ಟ ಚೌಕಟ್ಟಿಗೆ ಸಿಕ್ಕಿಸಿ ಒಂದೊಂದಾಗಿ ಕೊಡಬೇಕು. ಅದು ಆಮೆಯಂತೆ ತೆವಳಿತು, ಕೊನೆಗೆ ಹುಬ್ಬಿನ ಒಂದೊಂದು ಕೂದಲೂ ಎದ್ದು ಬಂತು.

"ತುಂಬಾ ಹೊತ್ತು ಹಿಡಿಯುತ್ತೆ ಸರ್."

"ಹಿಡೀಲಿ. ನಾನು ಅದಕ್ಕಿಂತ ನಿಧಾನ ಮಾಡಿದ್ದೀನಿ," ಎಂದರು ಮಾಮ.

ಮನೆಯಲ್ಲಿ ಹೆಂಡತಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಸೌಟು ಹಿಡಿದು ಬಾಗಿಲಲ್ಲಿ ನಿಂತವಳು, ಒದ್ದೆ ತಲೆಗೆ ಟವೆಲ್ ಸುತ್ತಿದವಳು, ಮಗುವನ್ನು ಸೊಂಟದಲ್ಲಿಟ್ಟುಕೊಂಡವಳು, ಎಲ್ಲದರಲ್ಲೂ ಹುಬ್ಬು ಮೇಲೆ, ಬಾಯಿ ತೆರೆದೇ ಇತ್ತು.

"ಎಲ್ಲದರಲ್ಲೂ ಬೈತಾನೇ ಇದ್ದೀನಲ್ರೀ."

"ನೀನು ಊಟಕ್ಕೆ ಕರೀತಿದ್ದೆ. ನಾನೇ ಬರ್ತಿರಲಿಲ್ಲ."

ಆಕೆ ನಕ್ಕಳು, ಕಣ್ಣೊರೆಸಿಕೊಂಡಳು. ಡಬ್ಬಿ ಮುಗಿಯುವವರೆಗೂ ನೋಡಿ, ಗಂಡನ ಕಡೆ ತಿರುಗಿದಳು.

"ನಿಮ್ಮದು ಒಂದೂ ಇಲ್ವಲ್ಲ. ದೀಪ ಹಾಕಿ, ಹತ್ತಿರ ಬನ್ನಿ. ಕಾಣಿಸೋವಾಗಲೇ ಸರಿಯಾಗಿ ನೋಡ್ಕೊಂಡುಬಿಡ್ತೀನಿ."

ಮಾಮ ದೀಪ ಹಾಕಿ, ಕನ್ನಡಕ ತೆಗೆದು, ಆಕೆಯ ಎದುರು ಅಲ್ಲಾಡದೆ ಕೂತರು.