ಕರಿಕಲ್ಲಿನ ಖಾಲಿ ಜಾಗ

ನಮ್ಮ ಮನೆತನದ ಹೆಸರಿನವರು ಹಿಂದೆ ಎಲ್ಲೆಲ್ಲಿ ಹೆಚ್ಚಾಗಿದ್ದರೆಂದು ನಾನು ಗುರುತು ಹಾಕಿಕೊಂಡ ನಕ್ಷೆಯಲ್ಲಿ ಚುಕ್ಕೆಗಳೆಲ್ಲ ಹಲಸೂರಿನ ಸುತ್ತಲೇ ಮುತ್ತಿಕೊಂಡಿವೆ. ಇವತ್ತು ಅಲ್ಲಿ ಬೀದಿಬೀದಿ ಅಲೆದರೂ ಆ ಹೆಸರಿನ ಒಂದು ಮನೆಯೂ ಸಿಗಲಿಲ್ಲ. ಹೆಸರು ಸಿಕ್ಕಿದ್ದು ಸ್ಮಶಾನದ ಎದುರು, ಗೋರಿಕಲ್ಲು ಕೆತ್ತುವ ಅಂಗಡಿಯಲ್ಲಿ. ನುಣುಪಾದ ಕರಿಕಲ್ಲಿನ ಮೇಲೆ ಬರೀ ಮನೆತನದ ಹೆಸರಿತ್ತು. ಅದರ ಮೇಲ್ಗಡೆ ಇನ್ನೊಂದು ಹೆಸರಿಗಾಗುವಷ್ಟು ಜಾಗ ಖಾಲಿ.

"ಯಾರದಿದು?" ಎಂದೆ.

"ಯಾರದ್ದೂ ಅಲ್ಲ ಸರ್. ಆ ಮನೆತನದವ್ರು ಆಗ ಇಲ್ಲಿ ತುಂಬಾ ಜನ ಇದ್ರು. ಅದಕ್ಕೇ ನಮ್ಮ ತಾತ ಮನೆತನದ ಹೆಸ್ರು ಮೊದ್ಲೇ ಕೆತ್ತಿಡ್ತಿದ್ರು. ಇದೊಂದು ಉಳ್ಕೊಂಡಿದೆ," ಎಂದರು ಅಂಗಡಿಯವರು. "ನಿಮ್ಮ ಹೆಸ್ರು?"

ಅಭ್ಯಾಸಬಲದಿಂದ ಪೂರ್ತಿ ಹೆಸರು ಹೇಳಿಬಿಟ್ಟೆ.

ಅವರು ಕಲ್ಲಿನ ಖಾಲಿ ಜಾಗಕ್ಕೆ ಗೇಣು ಹಾಕಿ ನೋಡಿದರು.

"ಕರೆಕ್ಟಾಗಿ ಕೂರುತ್ತೆ ಸರ್."