ಡೆಲ್ಬರ್ಟ್ ಗಿಡ್ರಿ ಕಟ್ಟಿದ ಸನ್ನೆಗಳು

ರಾಯ್ಸ್ ಲ್ಯಾಂಡ್ರಿಯ ಕೆಲಸ ಹೋದ ದಿನ ನಾನು ಕೇಕ್ ತಂದು ಹಂಚಿದೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಸೇಂಟ್ ಅಮೆಲಿ ಕಾಲೇಜಿನ ಬೇಸ್‌ಬಾಲ್ ತಂಡದ ಬಟ್ಟೆ ಒಗೆಯುತ್ತ ಇಪ್ಪತ್ತೆರಡು ವರ್ಷ ಕಳೆದವಳು ನಾನು, ವರ್ನಾ ಟ್ರಹಾನ್. ಯಾರು ಮೈ ಬಗ್ಗಿಸುತ್ತಾರೆ, ಯಾರು ಬರೀ ನಿಂತಿರುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕು? ಮುಖ್ಯ ಕೋಚ್ ರಾಯ್ಸ್‌ನ ಅಂಗಿ ಒಗೆಯುವ ಮೊದಲೇ ಇಸ್ತ್ರಿ ಮಾಡಿದಂತೆ ಇರುತ್ತಿತ್ತು. ಡೆಲ್ಬರ್ಟ್‌ನದು ಎರಡು ಸಲ ಒಗೆದರೂ ಮೈದಾನದ ಕೆಂಪು ಮಣ್ಣು ಬಿಡುತ್ತಿರಲಿಲ್ಲ.

ಡೆಲ್ಬರ್ಟ್ ಗಿಡ್ರಿ ನಮ್ಮೂರಿನವನೇ, ಸೀಗಡಿ ದೋಣಿಯವನ ಮಗ. ಇದೇ ಮೈದಾನದಲ್ಲಿ ಆಡಿ, ಇಲ್ಲೇ ಮೊಣಕಾಲು ಮುರಿದುಕೊಂಡವನು. ಮೂವತ್ತಮೂರನೆಯ ವಯಸ್ಸಿನಲ್ಲಿ ಸಂಬಳವಿಲ್ಲದ ಕೋಚ್ ಆಗಿ ಹಿಂತಿರುಗಿದ. ಆಗಿನ ನಿಯಮವೇ ಹಾಗೆ. ಮುಖ್ಯ ಕೋಚ್ ಸೇರಿ ಮೂವರಿಗೆ ಮಾತ್ರ ಸಂಬಳ. ನಾಲ್ಕನೆಯವನು ಬೇಕಾದರೆ ಬರಬಹುದು, ಬಿಟ್ಟಿ ದುಡಿಯಬಹುದು. ಡೆಲ್ಬರ್ಟ್ ಬೆಳಿಗ್ಗೆ ಶಾಲೆಯ ಬಸ್ ಓಡಿಸಿ, ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಸಿ ಹೊಟ್ಟೆ ಹೊರೆದುಕೊಂಡ. ಹೆಂಡತಿ ಲೊರೆಟಾ ಆಸ್ಪತ್ರೆಯ ಅಡಿಗೆಮನೆಯಲ್ಲಿ ದುಡಿದಳು. ಹೀಗೆ ಹದಿನೈದು ವರ್ಷ.

ಪ್ರತಿ ವರ್ಷ ಆಟದ ಕಾಲ ಮುಗಿದ ಮೇಲೆ ರಾಯ್ಸ್ ಅವನ ಹೆಗಲ ಮೇಲೆ ಕೈ ಹಾಕಿ, "ರೂಲ್ಸು ಬದಲಾಗ್ಲಿ ಡೆಲ್, ಮೊದಲ ಸಂಬಳ ನಿಂದೇ" ಅನ್ನುತ್ತಿದ್ದ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ನಾನು ಡೆಲ್ಬರ್ಟ್‌ಗೆ ಹೇಳುತ್ತಿದ್ದೆ, "ಆ ಕೈನ ಕೊಡವಿ ಹಾಕೋ ಮಾರಾಯ, ಹೆಗಲಿಗೆ ಕಲೆ ಆಗುತ್ತೆ." ಅವನು ನಗುತ್ತಿದ್ದ. ನಂಬಿದ್ದ, ಪಾಪ.

ರಾಯ್ಸ್ ಮಾತು ಮುರಿದಿದ್ದು ಅವನೊಬ್ಬನಿಗೇ ಅಲ್ಲ. ಕಾಲೇಜಿನ ತಂಡಕ್ಕೆ ಪೂರ್ತಿ ಲೆಕ್ಕದಲ್ಲಿ ಹನ್ನೊಂದು ಮುಕ್ಕಾಲಿಗಿಂತ ತುಸು ಕಡಿಮೆ ಸ್ಕಾಲರ್‌ಶಿಪ್. ಅದನ್ನು ಇಪ್ಪತ್ತೇಳು ಹುಡುಗರವರೆಗೆ ಹರಿದು ಹಂಚಬಹುದು, ಯಾರಿಗೂ ಕಾಲು ಭಾಗಕ್ಕಿಂತ ಕಡಿಮೆ ಕೊಡುವಂತಿಲ್ಲ. ಕ್ಲೋವಿಸ್ ಬ್ರೂಸಾರ್ ಎಂಬ ಹುಡುಗನಿಗೆ ರಾಯ್ಸ್ ಅವನ ಅಮ್ಮನ ಅಡಿಗೆಮನೆಯಲ್ಲಿ ಕೂತು, ಗಂಬೋ ಸಾರು ಹೀರುತ್ತ ಅರ್ಧ ಕೊಡುತ್ತೇನೆ ಎಂದಿದ್ದ. ಕಾಲೇಜಿಗೆ ಬಂದ ಮೇಲೆ ಸಿಕ್ಕಿದ್ದು ಕಾಲು. ಉಳಿದ ಕಾಲು ಟೆಕ್ಸಾಸಿನಿಂದ ಬಂದ ಉದ್ದನೆಯ ಚೆಂಡೆಸೆತಗಾರನ ಪಾಲಾಯಿತು. ಕ್ಲೋವಿಸ್ ಚೀಲ ಕಟ್ಟಿದ. ಡೆಲ್ಬರ್ಟ್ ಅವನನ್ನು ನನ್ನ ಒಗೆಯುವ ಕೋಣೆಯಲ್ಲೇ ಕೂರಿಸಿ, "ನಾನಿರೋವರೆಗೂ ನೀನಿರು. ನಿನ್ನ ನಾನು ನೋಡ್ಕೋತೀನಿ" ಅಂದ. ಹುಡುಗ ಉಳಿದ. ಮೂರು ವರ್ಷ ಡೆಲ್ಬರ್ಟ್‌ನ ನೆರಳಾಗಿ ಆಡಿದ.

ಕೊನೆಗೂ ನಿಯಮ ಬದಲಾಯಿತು. ಜುಲೈ ತಿಂಗಳು, ಮಧ್ಯಾಹ್ನ. ಡೆಲ್ಬರ್ಟ್ ನನ್ನ ಕೋಣೆಯಲ್ಲಿ ಹಳೆಯ ಗ್ಲೌಸುಗಳಿಗೆ ಎಣ್ಣೆ ಹಚ್ಚುತ್ತಿದ್ದ. ರಾಯ್ಸ್ ಬಾಗಿಲಲ್ಲಿ ನಿಂತ.

"ಡೆಲ್, ಗೊತ್ತಾಯ್ತಾ? ಇನ್ಮೇಲೆ ನಾಲ್ಕನೆಯವನಿಗೂ ಸಂಬಳ."

ಡೆಲ್ಬರ್ಟ್‌ನ ಮುಖ ನೋಡಬೇಕಿತ್ತು. "ಲೊರೆಟಾಗೆ ಫೋನ್ ಮಾಡ್ಲಾ ಕೋಚ್?"

"ತಾಳು ತಾಳು. ಆ ಜಾಗಕ್ಕೆ ಟ್ರೆಂಟ್‌ನ ತಗೊಂಡಿದೀನಿ. ನನ್ನ ಮಗಳು ಬಸುರಿ, ನಿಂಗೊತ್ತಲ್ಲ. ಅಳಿಯನಿಗೂ ಒಂದು ದಾರಿ ಆಗ್ಬೇಕು."

ಡೆಲ್ಬರ್ಟ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿದ. ಬಿಚ್ಚಿದ. ಮತ್ತೆ ಮಡಿಚಿದ. "ಸರಿ ಬಿಡಿ. ನಾನು ಮುಂಚಿನ ಥರಾನೇ ಬಿಟ್ಟಿ ಬರ್ತೀನಿ."

"ಅದೂ ಆಗಲ್ಲಪ್ಪ. ಬಿಟ್ಟಿ ಕೋಚ್ ಅನ್ನೋ ಜಾಗಾನೇ ತೆಗೆದುಬಿಟ್ರು. ನಾಲ್ಕು ಜನ, ಮುಗೀತು. ನಂಗೂ ಬೇಜಾರೇ. ರೂಲ್ಸು."

ಹದಿನೈದು ವರ್ಷ ದುಡಿದವನನ್ನು ಸಾರಿನಿಂದ ಪಲಾವ್ ಎಲೆ ಎತ್ತಿ ಪಕ್ಕಕ್ಕಿಡುವ ಹಾಗೆ ಎತ್ತಿ ಇಟ್ಟ. ನನಗೆ ಮೈಯೆಲ್ಲ ಉರಿಯಿತು. ಡೆಲ್ಬರ್ಟ್ ಉಳಿದ ಗ್ಲೌಸುಗಳಿಗೂ ಎಣ್ಣೆ ಹಚ್ಚಿ ಮುಗಿಸಿ, ಕೈ ತೊಳೆದು, ಹೊರಡುವಾಗ ನನಗೆ ಮಾತ್ರ ಕೇಳುವ ಹಾಗೆ ಹೇಳಿದ, "ವರ್ನಾ, ಇವನು ಅಳೋದನ್ನ ನಾನು ನೋಡ್ಬೇಕು."

ಎಪ್ಪತ್ತು ಮೈಲಿ ಆಚೆಯ ಪೋರ್ಟ್ ಕ್ಲೇರ್ ಕಾಲೇಜಿನವರು ಅವನನ್ನು ನಾಲ್ಕನೆಯ ಕೋಚ್ ಆಗಿ ಕರೆದುಕೊಂಡರು. ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಂಬಳ. ಕ್ಲೋವಿಸ್‌ಗೆ ಇನ್ನೊಂದೇ ವರ್ಷ ಉಳಿದಿತ್ತು. ಕಾಲೇಜು ಬದಲಿಸಿದರೆ ಡಿಗ್ರಿ ತಡವಾಗುತ್ತಿತ್ತು, ಅದಕ್ಕೇ ಇಲ್ಲೇ ಉಳಿದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಆಟದಲ್ಲಿ ಮೂರನೆಯ ಬೇಸಿನ ಪಕ್ಕ, ಅಂದರೆ ಓಟ ಮುಗಿಯುವ ಹೋಮ್ ಬೇಸಿಗೆ ಮೊದಲಿನ ನಿಲುಗಡೆಯ ಪಕ್ಕ, ನಿಂತ ಕೋಚ್ ಬಾಯಿ ಬಿಡುವುದಿಲ್ಲ. ಟೋಪಿ, ಕಿವಿ, ಎದೆ, ಬೆಲ್ಟು ಮುಟ್ಟುತ್ತ ಹುಡುಗರಿಗೆ ಸನ್ನೆ ಮಾಡುತ್ತಾನೆ. ಮುಟ್ಟಿದ್ದರಲ್ಲಿ ಮುಕ್ಕಾಲು ಪಾಲು ಸುಳ್ಳು. ಗೊತ್ತುಮಾಡಿಕೊಂಡ ಒಂದು ಜಾಗ ಮುಟ್ಟಿದ ಮೇಲೆ ಬರುವುದಷ್ಟೇ ನಿಜ. ಸೇಂಟ್ ಅಮೆಲಿಯಲ್ಲಿ ಮೂರನೆಯ ಬೇಸಿನಲ್ಲಿ ನಿಲ್ಲುತ್ತಿದ್ದವನು ರಾಯ್ಸ್. ಆದರೆ ಸನ್ನೆಗಳನ್ನು ಕಟ್ಟುತ್ತಿದ್ದವನು ಡೆಲ್ಬರ್ಟ್. ಪ್ರತಿ ಜನವರಿಯಲ್ಲೂ ಹಳೆಯದನ್ನು ಅಳಿಸಿ ಹೊಸದನ್ನು ಮಾಡಿ, ರಾಯ್ಸ್‌ಗೆ ಚೀಟಿಯಲ್ಲಿ ಬರೆದುಕೊಡುತ್ತಿದ್ದ. ಸನ್ನೆಗಳು ತಾವಾಗಿಯೇ ಬದಲಾಗುತ್ತವೆ ಎಂದುಕೊಂಡಿದ್ದನೋ ಏನೋ ರಾಯ್ಸ್, ಅದೂ ಒಂದು ಕೆಲಸ ಎಂದು ಅವನಿಗೆ ಹೊಳೆದಿರಲೇ ಇಲ್ಲ. ಅಳಿಯನಂತೂ ಸೂರ್ಯಕಾಂತಿ ಬೀಜ ಉಗಿಯುವುದರಲ್ಲಿ ಮಗ್ನ.

ಮರುವರ್ಷ ಮೇ ತಿಂಗಳ ಕೊನೆಯ ಶನಿವಾರ ಪೋರ್ಟ್ ಕ್ಲೇರ್ ನಮ್ಮಲ್ಲಿಗೆ ಬರುವುದಿತ್ತು. ಗೆದ್ದವರಿಗೆ ಲೀಗ್ ಟೂರ್ನಿಯಲ್ಲಿ ಕೊನೆಯ ಜಾಗ. ಎರಡು ವರ್ಷದಿಂದ ಟೂರ್ನಿಗೆ ಹೋಗದ ರಾಯ್ಸ್‌ಗೆ, ಈ ಸಲವೂ ಹೋಗದಿದ್ದರೆ ಮನೆಗೆ ಹೋಗಿ ಎಂದು ಕಾಲೇಜಿನವರು ಹೇಳಿಯಾಗಿತ್ತು. ಆ ವಾರ ಬೂದಾನ್ ಸಾಸೇಜಿನ ಅಂಗಡಿಯಲ್ಲಿ ಡೆಲ್ಬರ್ಟ್ ಸಿಕ್ಕ.

"ಈ ವರ್ಷ ಸನ್ನೆ ಯಾರು ಕಟ್ಟಿದ್ರು, ವರ್ನಾ?"

ನಾನು ಸೇಂಟ್ ಅಮೆಲಿಯ ಅನ್ನ ತಿನ್ನುವವಳು. ಏನು ಕೇಳುತ್ತಿದ್ದಾನೆ ಎಂದು ಚೆನ್ನಾಗಿ ಗೊತ್ತಿತ್ತು. "ಯಾರೂ ಕಟ್ಟಿಲ್ಲ. ಅದೇ ಎಡ ಮೊಣಕೈ, ಅದಾದ್ಮೇಲಿಂದು ನಿಜ. ನೀನು ಬಿಟ್ಟುಹೋದ ಹಾಗೇ ಇದೆ."

ಅವನು ಬಾಯಿಗೆ ಒಯ್ದಿದ್ದ ಸಾಸೇಜನ್ನು ಕೆಳಗಿಟ್ಟ. ಹಾಗೆ ನಗುವುದನ್ನು ನಾನು ಹಿಂದೆ ನೋಡಿರಲಿಲ್ಲ.

ಶನಿವಾರ ನಾನು ನಮ್ಮ ಹುಡುಗರ ಬೆಂಚಿನ ಕೊನೆಯಲ್ಲಿ ಟವೆಲು ಹಿಡಿದು ಕೂತಿದ್ದೆ. ನಮ್ಮವರು ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ನುಗ್ಗಲು, ಓಡಿದಾಗಲೆಲ್ಲ ಚೆಂಡು ಅವರಿಗಿಂತ ಮುಂಚೆ ಅಲ್ಲಿರುತ್ತಿತ್ತು. ಮೂರು ಸಲ ಹಾಗಾಯಿತು. "ಕಾಲಿಗೇನು ಸೀಸ ಕಟ್ಕೊಂಡಿದೀರಾ?" ಎಂದು ರಾಯ್ಸ್ ಹುಡುಗರ ಮೇಲೆ ಹರಿಹಾಯ್ದ. ಎದುರು ಬೆಂಚಿನಲ್ಲಿ ಡೆಲ್ಬರ್ಟ್ ಕೈಕಟ್ಟಿ ಕೂತು, ರಾಯ್ಸ್‌ನ ಕೈಗಳನ್ನೇ ನೋಡುತ್ತಿದ್ದ. ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಒಂಬತ್ತನೆಯ ಸುತ್ತು. ಎರಡೂ ಕಡೆ ನಾಲ್ಕು ಓಟ. ನಮ್ಮದು ಬ್ಯಾಟಿನ ಕೊನೆಯ ಸರದಿ, ಒಬ್ಬ ಔಟ್, ಮೂರನೆಯ ಬೇಸಿನಲ್ಲಿ ಕ್ಲೋವಿಸ್. ಅವನು ಹೋಮ್ ಬೇಸ್ ಮುಟ್ಟಿದರೆ ಗೆಲುವು ನಮ್ಮದು. ರಾಯ್ಸ್ ಟೋಪಿ ಮುಟ್ಟಿದ, ಕಿವಿ ಮುಟ್ಟಿದ, ಎಡ ಮೊಣಕೈ ಮುಟ್ಟಿದ, ಬೆಲ್ಟು ಮುಟ್ಟಿದ. ಬೆಲ್ಟು ಎಂದರೆ ಚೆಂಡು ಎಸೆಯುವವನ ಕೈಬಿಡುತ್ತಲೇ ಕ್ಲೋವಿಸ್ ಕಣ್ಣು ಮುಚ್ಚಿ ಓಡಬೇಕು, ಬ್ಯಾಟ್ ಹಿಡಿದವನು ಚೆಂಡನ್ನು ಮೆಲ್ಲಗೆ ತಟ್ಟಿ ನೆಲಕ್ಕೆ ಬೀಳಿಸಬೇಕು.

ಕ್ಲೋವಿಸ್ ರಾಯ್ಸ್‌ನನ್ನು ನೋಡಿದ. ಆಮೇಲೆ ತಿರುಗಿ ಎದುರು ಬೆಂಚಿನ ಕಡೆ ನೋಡಿದ. ಅವನು ಯಾಕೆ ಅತ್ತ ನೋಡಿದ ಎಂದು ನನಗೆ ಆಗ ತಿಳಿಯಲಿಲ್ಲ. ಡೆಲ್ಬರ್ಟ್ ಒಂದು ಕ್ಷಣ ಹಾಗೇ ಕೂತಿದ್ದ. ನಂತರ ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ತನ್ನ ಕ್ಯಾಚರ್‌ಗೆ ಬೆರಳಿನಲ್ಲಿ ಸನ್ನೆ ಮಾಡಿದ.

ಚೆಂಡು ಬೇಕೆಂದೇ ಬ್ಯಾಟಿಗೆ ಎಟುಕದಷ್ಟು ದೂರ ಬಂತು. ಕ್ಯಾಚರ್ ಆಗಲೇ ಎದ್ದು ಪಕ್ಕಕ್ಕೆ ಸರಿದಿದ್ದ. ಚೆಂಡು ಹಿಡಿದು ಎರಡು ಹೆಜ್ಜೆ ಮುಂದೆ ಬಂದ. ಕ್ಲೋವಿಸ್ ನೇರವಾಗಿ ಅವನ ಕೈಗೆ ಓಡಿಬಂದು ಬಿದ್ದು ಔಟಾದ. ಹತ್ತನೆಯ ಸುತ್ತಿನಲ್ಲಿ ಪೋರ್ಟ್ ಕ್ಲೇರ್ ಒಂದು ಓಟ ಮಾಡಿತು, ನಾವು ಮಾಡಲಿಲ್ಲ.

ಕೈಕುಲುಕುವ ಸಾಲಿನಲ್ಲಿ ರಾಯ್ಸ್‌ನ ಮುಖ ಬಿಳಿಚಿಕೊಂಡಿತ್ತು. "ಹೇಗೆ ಗೊತ್ತಾಯ್ತು ನಿಂಗೆ?"

ಹದಿನೈದು ವರ್ಷ 'ನೀವು' ಎಂದೇ ಮಾತಾಡಿಸಿದ್ದ ಡೆಲ್ಬರ್ಟ್, "ಅದು ನಂದು ಕಣೋ. ನೀನು ಬದಲಾಯಿಸೋದನ್ನೂ ಕಲೀಲಿಲ್ಲ" ಅಂದ. ರಾಯ್ಸ್‌ನ ಕಣ್ಣು ತುಂಬಿತು. ನಾನು ನೋಡಿದೆ, ಡೆಲ್ಬರ್ಟ್ ನೋಡಿದ. ಕೇಳಿದ್ದು ಅವನಿಗೆ ಸಿಕ್ಕಿತು. ಹತ್ತು ದಿನದಲ್ಲಿ ಮಾವನೂ ಅಳಿಯನೂ ತಮ್ಮ ಸಾಮಾನು ಕಟ್ಟಿದರು.

ಆದರೆ ಆಟ ಮುಗಿದ ಆ ಸಂಜೆ ಡೆಲ್ಬರ್ಟ್ ಮೊದಲು ಬಂದಿದ್ದು ನನ್ನ ಕೋಣೆಗೆ. ಕ್ಲೋವಿಸ್ ಅಂಗಿ ಬಿಚ್ಚಿ ಬುಟ್ಟಿಗೆ ಹಾಕುತ್ತಿದ್ದ. ಅವನಿಗೆ ಅದೇ ಕೊನೆಯ ಆಟ. ಇನ್ನು ಯಾವ ತಂಡವೂ ಅವನನ್ನು ಕರೆಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

"ಮಗಾ, ಸಿಟ್ಟು ನಿನ್ನ ಮೇಲೆ ಅಲ್ಲ, ಅವನ ಮೇಲೆ" ಅಂದ ಡೆಲ್ಬರ್ಟ್.

"ಗೊತ್ತು ಕೋಚ್. ಸನ್ನೆ ಇನ್ನೂ ನಿಮ್ದೇ ಅಂತ ಮೊದಲ ದಿನದಿಂದ್ಲೂ ಗೊತ್ತಿತ್ತು. ನೀವು ಅದನ್ನ ಓದ್ತಿದೀರಿ ಅಂತ ಮೂರನೇ ಸುತ್ತಲ್ಲೇ ತಿಳೀತು. ಒಂದು ಮಾತು ಹೇಳಿದ್ರೆ ರಾಯ್ಸ್ ಅಲ್ಲೇ ಸನ್ನೆ ಬದಲಾಯಿಸ್ತಿದ್ದ. ಹೇಳ್ಲಿಲ್ಲ, ನಿಮಗೋಸ್ಕರ. ಎಲ್ಲಾ ನಿಮಗೇ ಬಿಟ್ಟುಕೊಟ್ಟೆ."

"ಆ ಕೊನೇ ಓಟ ಒಂದು ಬಿಟ್ಕೊಟ್ಟಿದ್ರೆ ರಾಯ್ಸ್ ಗೆದ್ದುಬಿಡ್ತಿದ್ದ, ಕ್ಲೋವಿಸ್."

"ಹೌದು ಕೋಚ್. ನಾನೂ ಗೆಲ್ತಿದ್ದೆ."

ಹುಡುಗ ನನ್ನ ಕೆನ್ನೆಗೆ ಮುತ್ತಿಟ್ಟು, "ಬರ್ತೀನಿ ಮಿಸ್ ವರ್ನಾ" ಎಂದು ಹೊರಟ. ಡೆಲ್ಬರ್ಟ್ ದಾರಿ ಬಿಟ್ಟು ನಿಂತ. ರಾಯ್ಸ್‌ಗೆ ಆದದ್ದಕ್ಕೆ ನನಗೆ ಇವತ್ತಿಗೂ ಎಳ್ಳಷ್ಟು ಮರುಕವಿಲ್ಲ. ಆದರೆ ಕ್ಲೋವಿಸ್‌ನ ಅಂಗಿಯನ್ನು ಆ ರಾತ್ರಿಯಾಗಲಿ, ಮರುದಿನವಾಗಲಿ ಒಗೆಯಲು ನನ್ನಿಂದ ಆಗಲಿಲ್ಲ.