ಕಿಟಕಿಗೆ ಬಂದ ನೂರು ಜನ

ಪತ್ರಿಕಾ ಕಚೇರಿಯಲ್ಲಿ ಅವಳಿಗೆ ‘ಪ್ರಶ್ನೆಪತ್ರಿಕೆ’ ಎಂದೇ ಅಡ್ಡಹೆಸರು. ಹೊಲದ ಕೂಲಿ ಮಾಡುವ ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು. ಸಂವಹನ ಶಾಸ್ತ್ರ ಓದಿ, ಓದುಗರ ಸಮೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದಳು. ಮನೆ ಮನೆ ಸುತ್ತಿದ ಮೊದಲ ವಾರ ಹತ್ತು ಬಾಗಿಲಲ್ಲಿ ಎಂಟು ಮುಖಕ್ಕೇ ಮುಚ್ಚಿಕೊಂಡವು. ಒಬ್ಬರಂತೂ ನಾಯಿ ಬಿಟ್ಟರು. ಸಾಕಾಗಿ, ಜಾಹೀರಾತು ಕೊಡಲು ಕಚೇರಿಯ ಕಿಟಕಿಗೆ ಬರುವವರನ್ನೇ ಹಿಡಿದು ನೂರು ಫಾರಂ ತುಂಬಿಸಿದಳು. ತೊಂಬತ್ತೊಂದು ಮಂದಿ ‘ಈ ಪತ್ರಿಕೆಯನ್ನು ನಂಬುತ್ತೇವೆ’ ಎಂದರು.

ಸಂಪಾದಕರು ಹಿರಿಹಿರಿ ಹಿಗ್ಗಿದರು. ‘ಊರಿಗೆ ಊರೇ ನಮ್ಮನ್ನು ನಂಬುತ್ತದೆ’ ಎಂದು ಮುಖಪುಟಕ್ಕೆ ತಲೆಬರಹವೂ ಸಿದ್ಧವಾಯಿತು.

ಓದಿದ ಪಾಠ ಅವಳನ್ನು ಸುಮ್ಮನಿರಲು ಬಿಡಲಿಲ್ಲ. ಉತ್ತರ ಸರಿಯೇ ಎಂದು ತಿಳಿಯಲು ಕೆಲವರಿಗೆ ಮತ್ತೆ ಫೋನ್ ಮಾಡಿದಳು. ಬೀಗದ ಅಂಗಡಿಯವನು ಗೊಳ್ಳೆಂದು ನಕ್ಕ.

“ಅಯ್ಯೋ ತಂಗಿ, ನಾನು ಪೇಪರ್ ಮುಟ್ಟೋದೇ ಇಲ್ಲ. ಹೊಗಳಿದ್ರೆ ನನ್ನ ಜಾಹೀರಾತು ಮೇಲ್ಗಡೆ ಹಾಕ್ತೀರೇನೋ ಅಂತ ಹಾಗಂದೆ.”

ಫಾರಂಗಳನ್ನು ಎತ್ತಿಕೊಂಡು ನೇರ ಸಂಪಾದಕರ ಕೋಣೆಗೆ ಹೋದಳು.

“ಸಾರ್, ತಪ್ಪು ನಂದೇ. ಬಾವಿಗೆ ಕೊಡ ಹಿಡ್ಕೊಂಡು ಬಂದೋರನ್ನ ನೀರು ಬೇಕಾ ಅಂತ ಕೇಳಿದ ಹಾಗಾಗಿದೆ. ಇದು ಊರಿನ ಮಾತಲ್ಲ.”

“ಈಗ ಬಂತಾ ಜ್ಞಾನೋದಯ? ವರದಿಗೆ ಸಹಿ ಹಾಕಮ್ಮ. ಇದನ್ನೇ ಓದ್ಕೊಂಡು ಬಂದೋಳು ಇಲ್ಲಿ ನೀನೊಬ್ಬಳೇ.”

“ಒಂದು ವಾರ ಕೊಡಿ. ಪ್ರತಿ ಬೀದೀಲೂ ಐದೈದು ಮನೆಗೊಂದು ಬಾಗಿಲು ತಟ್ಟಿ ಕೇಳ್ಕೊಂಡು ಬರ್ತೀನಿ.”

ಮೂಲೆಯಲ್ಲಿದ್ದ ಉಪಸಂಪಾದಕ ಕಿಸಕ್ಕೆಂದ. “ಕಳೆ ಕೀಳೋ ಕೈಗೆ ಪೆನ್ನು ಕೊಟ್ರೆ ಹೀಗೇ ಸಾರ್.”

“ಹೌದಣ್ಣ, ಕಳೆ ಯಾವುದು, ಪೈರು ಯಾವುದು ಅಂತ ಆ ಕೈಗೆ ಗೊತ್ತು.”

ಅವಳು ವರದಿಯ ನೆತ್ತಿಯ ಮೇಲೆ ‘ಜಾಹೀರಾತು ಕೊಡಲು ಬಂದವರನ್ನು ಮಾತ್ರ ಕೇಳಿದ್ದು’ ಎಂದು ಬರೆದು, ಕೆಳಗೆ ಸಹಿ ಹಾಕಿದಳು. ಸಂಪಾದಕರು ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿದರು.

“ಸಹಿ ಸಿಕ್ತಲ್ಲ, ಸಾಕು. ಹೊರಡು.”

ಅವಳು ಹಾಳೆಯನ್ನು ಎಳೆದುಕೊಂಡು ಸಹಿಯಿದ್ದ ಭಾಗವನ್ನು ಪರ್ರನೆ ಹರಿದುಕೊಂಡಳು.

“ನಾಳೆಯಿಂದ ಈ ಕಡೆ ತಲೆ ಹಾಕಬೇಡ!” ಎಂದು ಅವರು ಕೂಗಿದ್ದು ಮೆಟ್ಟಿಲಿನವರೆಗೂ ಕೇಳಿಸಿತು.

ಮರುದಿನ ಅದೇ ತಲೆಬರಹ ಅಚ್ಚಾಗಿ ಬಂತು, ಕೆಳಗೆ ‘ತಜ್ಞರ ಸಮೀಕ್ಷೆ’ ಎಂದಿತ್ತು. ಮನೆಯಲ್ಲಿ, ಅವಳ ಫೀಸಿಗಾಗಿ ಊರು ಬಿಟ್ಟು ಬಂದು ಮೂಟೆ ಹೊತ್ತಿದ್ದ ಅಣ್ಣ, ಪತ್ರಿಕೆಯನ್ನು ಅವಳ ಮುಂದೆ ಎಸೆದ.

“ಹೆಸರೂ ಇಲ್ಲ, ಕೆಲಸಾನೂ ಇಲ್ಲ. ಇದಕ್ಕೇನೇ ನಿನ್ನ ಓದ್ಸಿದ್ದು?”

“ಇದಕ್ಕೇ.”

ಅಣ್ಣ ತಿರುಗಿಯೂ ನೋಡದೆ ಮೂಟೆ ಹೊರಲು ಹೊರಟ.